ಹಳೇ ಡಿಎಸ್‌ಗೆ ಹೊಸ ವೈಫೈ ಯಾಕ ಹತ್ತವಲ್ದು?

ವೈಫೈನ ಮೊದಲ ಮಾನದಂಡ ಬಂದದ್ದು 1997ರಲ್ಲಿ. ಅದರ ಜೊತೆ ಡಬ್ಲ್ಯೂಇಪಿ ಅನ್ನೋ ಬೀಗವೂ ಬಂತು. ಪ್ರತಿ ಪ್ಯಾಕೆಟ್‌ಗೂ ಕೀಲಿಯ ಜೊತೆ ಒಂದು ಹೊಸ ಸಂಖ್ಯೆ ಸೇರಬೇಕು, ಆದರೆ ಅದಕ್ಕಿದ್ದ ಜಾಗ ಬರೀ 24 ಬಿಟ್. ಬಳಕೆ ಜೋರಾದರೆ ಅವೇ ಸಂಖ್ಯೆಗಳು ತಿರುಗಿ ಬರ್ತಾವೆ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಮೂವರು ಪ್ಯಾಕೆಟ್ ಕೂಡಿಹಾಕಿ ಕೀಲಿಯನ್ನೇ ಹೊರತೆಗೆಯುವ ದಾರಿ ತೋರಿಸಿದರು. 2003ಕ್ಕೆ ಡಬ್ಲ್ಯೂಪಿಎ ಬಂತು. ಮರುವರ್ಷ ಬಂದ ನಿಂಟೆಂಡೊ ಡಿಎಸ್‌ಗೆ ಮಾತ್ರ ಆ ಮುರಿದ ಬೀಗವೇ ಗತಿ!

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗ ಲೈಸೆನ್ಸ್ ಕಾಟದಿಂದ ಬಿಡುಗಡೆಯಾದದ್ದು 2005ರ ಜನವರಿಯಲ್ಲಿ. ದೇವದುರ್ಗದ ಕಡೆ ನಮ್ಮೂರಾಗ ಆಗ ಕರೆಂಟ್ ಇದ್ದರೆ ಅದೇ ದೊಡ್ಡ ಸುದ್ದಿ.

ಮೊನ್ನೆ ಮಾನ್ವಿಯಲ್ಲಿ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಡಿಎಸ್ ಹಿಡಿದು, "ಪಾಸ್‌ವರ್ಡ್ ಬರೋಬರ್ ಐತಿ ಮಾಮಾ, ಯಾಕ ಹತ್ತವಲ್ದು?" ಅಂದ. ಅವರ ರೂಟರ್ ಕೇಳೋದು ಡಬ್ಲ್ಯೂಪಿಎ2. ಡಿಎಸ್‌ಗೆ ಅದು ತಿಳಿಯೋದಿಲ್ಲ. ರೂಟರನ್ನೇ ಡಬ್ಲ್ಯೂಇಪಿಗೆ ಇಳಿಸಿದರೆ ಆಟ ಹತ್ತಬಹುದು, ಆದರೆ ಅಂಗಡಿಯ ಸಿಸಿಟಿವಿ ಕೂಡ ಅದೇ ವೈಫೈ ಮೇಲಿದೆ. ಬ್ಯಾಂಕ್ ಆ್ಯಪ್‌ಗಳಿಗೆ ತಮ್ಮದೇ ಬೀಗ ಇರುತ್ತದೆ ಅನ್ನಿ, ಕ್ಯಾಮೆರಾಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ರಾಯಚೂರಿನ ಮನೆಯಲ್ಲಿದ್ದ ಹಳೇ ರೂಟರ್ ತಂದು ಡಬ್ಲ್ಯೂಇಪಿಗೆ ಇಟ್ಟೆ. ಆಡುವಾಗ ಮಾತ್ರ ಸ್ವಿಚ್ ಹಾಕಬೇಕು ಅಂತ ಕರಾರು.

ನಿಂಟೆಂಡೊ ತನ್ನ ಸರ್ವರ್ ಮುಚ್ಚಿದ್ದು 2014ರ ಮೇ 20ರಂದು. ಈಗ ಇರೋವು ಅಭಿಮಾನಿಗಳು ನಡೆಸೋ ಸರ್ವರ್‌ಗಳು. ಕೆಲವಕ್ಕೆ ಡಿಎನ್‌ಎಸ್ ವಿಳಾಸ ಬದಲಿಸಿದರೆ ಸಾಕು. ಅಂಕಿ ನಾನು ಹೇಳಿದೆ, ಅವನು ಕಡ್ಡಿಯಿಂದ ಒತ್ತಿದ. ಮಾರಿಯೋ ಕಾರ್ಟ್‌ನಲ್ಲಿ ಎದುರಾಳಿಗೆ ಕಾಯುತ್ತ ಕೂತಿದ್ದಾನೆ.