ಕ್ಯಾಲ್ಸಿಯಂ ಫ್ಲೋರೈಡ್: ಚಿಕ್ಕಬಳ್ಳಾಪುರ ಸೀಮೆಯ ಅಂತರ್ಜಲದಲ್ಲಿ

ಒಂದು ಕ್ಯಾಲ್ಸಿಯಂ ಪರಮಾಣುವಿಗೆ ಎರಡು ಫ್ಲೋರಿನ್ ಪರಮಾಣುಗಳು ಸೇರಿ ಆದ ಲವಣ. ಇದರ ಖನಿಜರೂಪವೇ ಫ್ಲೋರೈಟ್. ಕುಲುಮೆಯಲ್ಲಿ ಅದಿರು ಸಲೀಸಾಗಿ ಕರಗಲೆಂದು ಇದನ್ನು ಬೆರೆಸುತ್ತಿದ್ದುದನ್ನು ಜರ್ಮನಿಯ ಅಗ್ರಿಕೋಲ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. 1771ರಲ್ಲಿ ರಸಾಯನವಿಜ್ಞಾನಿ ಶೀಲೆ ಇದಕ್ಕೆ ಗಂಧಕಾಮ್ಲ ಹಾಕಿ ಹೈಡ್ರೋಫ್ಲೋರಿಕ್ ಆಮ್ಲ ಪಡೆದ. ಫ್ಲೋರಿನ್ ಬೇರ್ಪಡಿಸಲು 1886ರಲ್ಲಿ ಇನ್ನೊಬ್ಬ ರಸಾಯನವಿಜ್ಞಾನಿ ಮೊಯ್ಸಾನನೇ ಬರಬೇಕಾಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಜನಕ್ಕೆ ಫ್ಲೋರೈಡ್ ಗೊತ್ತಿರುವುದು ಕೊಳವೆಬಾವಿಯಿಂದ. ಇಲ್ಲಿನ ಗ್ರಾನೈಟ್, ನೈಸ್ ಶಿಲೆಗಳಲ್ಲಿ ಫ್ಲೋರೈಟ್ ಜೊತೆಗೆ ಫ್ಲೋರೈಡ್ ಹೊತ್ತ ಅಪಟೈಟ್, ಕಪ್ಪು ಅಭ್ರಕವೂ ಇವೆ. ಕಲ್ಲು ಎಂದಿನಿಂದಲೂ ಇದ್ದದ್ದೇ. ಬದಲಾದದ್ದು ನಾವು ನೀರೆತ್ತುವ ಆಳ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಕೆರೆ, ತೆರೆದ ಬಾವಿಗಳು ಬತ್ತಿದವು. ಹಿಪ್ಪುನೇರಳೆ, ಟೊಮೆಟೊ, ದ್ರಾಕ್ಷಿ ತೋಟಗಳಿಗೆಂದು ಬೋರು ಸಾವಿರ ಅಡಿ ದಾಟಿತು. ಆಳದ ಬಿರುಕುಗಳಲ್ಲಿ ನೀರು ಬಹುಕಾಲ ಕಲ್ಲಿನೊಡನೆ ನಿಂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ.

ಶುದ್ಧ ನೀರಿನ ಒಂದು ಲೀಟರಿನಲ್ಲಿ ಕರಗುವ ಕ್ಯಾಲ್ಸಿಯಂ ಫ್ಲೋರೈಡ್ ಸುಮಾರು 16 ಮಿಲಿಗ್ರಾಂ ಮಾತ್ರ. ಅಷ್ಟರಲ್ಲೇ 7ರಿಂದ 8 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನೀರಿನಲ್ಲಿ ಮೊದಲೇ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಲೆಕ್ಕದ ಪ್ರಕಾರ ಫ್ಲೋರೈಡ್ ಸುಮಾರು 2 ಮಿಲಿಗ್ರಾಂಗೆ ನಿಲ್ಲುತ್ತದೆ. 20 ಮಿಲಿಗ್ರಾಂ ಮಾತ್ರ ಇದ್ದರೆ 5ರವರೆಗೂ ಏರಬಲ್ಲದು. ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಆಳದ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೂತುಬಿಡುತ್ತದೆ, ಫ್ಲೋರೈಡಿಗೆ ತಡೆ ಇಲ್ಲವಾಗುತ್ತದೆ. ಪಾತ್ರೆಗೆ ಕರೆ ಕಟ್ಟದ ‘ಮೆದು’ ನೀರು ಒಳ್ಳೆಯದೆಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ.

ಫ್ಲೋರೈಡ್ ಅತಿಯಾದರೆ ಬರುವ ಕಾಯಿಲೆ ಫ್ಲೋರೋಸಿಸ್. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಕಡೆಯಿಂದ. ಹಲ್ಲಿನ ಮೇಲಿನ ಕಂದು ಗೆರೆ ಬಾಲ್ಯದಲ್ಲೇ ಮೂಡುತ್ತದೆ, ಉಜ್ಜಿದರೆ ಹೋಗದು. ಮುಂದೆ ಬೆನ್ನು, ಕೀಲುಗಳು ಬಿಗಿಯುತ್ತವೆ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ನೀರಿನಿಂದ ಫ್ಲೋರೈಡ್ ತೆಗೆಯಲು ಆಲಂ, ಸುಣ್ಣ ಬಳಸುವ ನಲ್ಗೊಂಡ ವಿಧಾನ ರೂಪಿಸಿತು. ಈಗ ಹಳ್ಳಿಗಳಲ್ಲಿ ಕಾಣುವುದು ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು. ಅವು ಹೊರಬಿಡುವ, ಫ್ಲೋರೈಡ್ ಮತ್ತಷ್ಟು ಸಾಂದ್ರವಾದ ನೀರು ಚರಂಡಿ ಸೇರಿದರೆ ಅರ್ಧ ಕೆಲಸವಷ್ಟೇ ಆದಂತೆ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೆರೆಗಳಿಗೆ ತುಂಬಿಸುವ ಎಚ್.ಎನ್. ವ್ಯಾಲಿ ಯೋಜನೆ ಅಂತರ್ಜಲ ಮರುಪೂರಣಕ್ಕೇ ಹೊರತು ಕುಡಿಯಲಿಕ್ಕಲ್ಲ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವ ಬದಲು ಸಾಂದ್ರವಾಗುತ್ತದೆ. ಹೊಸ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕೊಡಬಾರದು.