ಗುಲಾಬಿಗಳೂ ಗಾಯವೂ: 2011ರ ಜುಲೈ 22 ಮತ್ತು ನಾರ್ವೆಯ ಸ್ಮರಣೆ

ಒಂದು ಜನಾಂಗವು ತನ್ನ ಮೇಲೆ ಬಂದೆರಗಿದ ಹಿಂಸೆಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಇತಿಹಾಸಕಾರರ ಪ್ರಶ್ನೆ. ಅದು ಸಭೆಯ ಪ್ರಶ್ನೆಯೂ ಹೌದು. ಯೊರ್ದನನ್ನು ದಾಟಿದ ಇಸ್ರಾಯೇಲ್ಯರು ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದ್ದು, ಮುಂದೆ ಮಕ್ಕಳು ಅವುಗಳ ಅರ್ಥವನ್ನು ಕೇಳುವಾಗ ತಂದೆಗಳಲ್ಲಿ ಉತ್ತರವಿರಬೇಕೆಂದು. ಕರ್ತನ ಭೋಜನದಲ್ಲಿ ನಾವು ಸ್ಮರಿಸುವುದೂ ಅನ್ಯಾಯವಾಗಿ ಕೊಲ್ಲಲ್ಪಟ್ಟವನೊಬ್ಬನ ಮರಣವನ್ನೇ. ಆದುದರಿಂದ ಕ್ರೈಸ್ತ ಸಭೆಗೆ ಸ್ಮರಣೆಯೆಂಬುದು ಹೊರಗಿನ ವಿಷಯವಲ್ಲ. ಈ ಲೇಖನವು ಕ್ರೈಸ್ತ ಪರಂಪರೆಯ ಒಂದು ಚಿಕ್ಕ ದೇಶವಾದ ನಾರ್ವೆಯು 2011ರ ಜುಲೈ 22ರ ಭಯೋತ್ಪಾದಕ ದಾಳಿಯನ್ನು ಸ್ಮರಿಸಿದ ಬಗೆಯನ್ನು ಪರಿಶೀಲಿಸಿ, ಅದರಿಂದ ಸಭಾಪಾಲನೆಗೆ ದೊರೆಯುವ ಬೆಳಕನ್ನು ಸೂಚಿಸಲು ಯತ್ನಿಸುತ್ತದೆ.

1. ಘಟನೆ

ಅಂದು ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ರಾಜಧಾನಿ ಓಸ್ಲೋವಿನ ಸರಕಾರಿ ಕಚೇರಿಗಳ ಆವರಣದಲ್ಲಿ, ರಸಗೊಬ್ಬರದಿಂದ ತಯಾರಿಸಿ ವ್ಯಾನಿನಲ್ಲಿ ಇರಿಸಿದ್ದ ಬಾಂಬು ಸಿಡಿಯಿತು. ಎಂಟು ಮಂದಿ ಸತ್ತರು. ಬಾಂಬನ್ನಿಟ್ಟ ಆಂಡರ್ಸ್ ಬೇರಿಂಗ್ ಬ್ರೈವಿಕ್ ಎಂಬ 32 ವರ್ಷದ ನಾರ್ವೆಯವನು ಪೊಲೀಸ್ ಉಡುಪು ಧರಿಸಿ, ಟೀರಿಫ್ಯೋರ್ಡ್ ಸರೋವರದಲ್ಲಿರುವ ಉಟೋಯಾ ದ್ವೀಪಕ್ಕೆ ಹೋದನು. ಅಲ್ಲಿ ಆಡಳಿತಾರೂಢ ಲೇಬರ್ ಪಕ್ಷದ ಯುವ ಸಂಘಟನೆಯ ಬೇಸಿಗೆ ಶಿಬಿರ ನಡೆಯುತ್ತಿತ್ತು. ಒಂದು ಗಂಟೆಗೂ ಮಿಕ್ಕ ಕಾಲ ಅವನು ಗುಂಡು ಹಾರಿಸಿ 69 ಮಂದಿಯನ್ನು ಕೊಂದನು. ಅವರಲ್ಲಿ ಬಹುಪಾಲಿನವರು ಹದಿಹರೆಯದವರು. ಸುಮಾರು 50 ಲಕ್ಷ ಜನಸಂಖ್ಯೆಯ ದೇಶಕ್ಕೆ ಒಟ್ಟು 77 ಸಾವುಗಳೆಂದರೆ ಆ ದುಃಖವು ಮುಟ್ಟದ ಊರು ವಿರಳವೆಂದೇ ಅರ್ಥ.

ಬಾಂಬು ಸಿಡಿದ ಮೊದಲ ಕೆಲವು ಗಂಟೆಗಳಲ್ಲಿ, ಇದು ಇಸ್ಲಾಮೀ ಉಗ್ರರ ಕೃತ್ಯವೆಂದು ಅನೇಕರು ಊಹಿಸಿದರು. ಓಸ್ಲೋವಿನ ಬೀದಿಗಳಲ್ಲಿ ಮುಸ್ಲಿಮರು ಬೈಗುಳಕ್ಕೂ ಕಿರುಕುಳಕ್ಕೂ ಗುರಿಯಾದರು. ಸಂಜೆಯ ಹೊತ್ತಿಗೆ ಸತ್ಯ ತಿಳಿಯಿತು: ಕೊಲೆಗಾರನು ವಲಸಿಗರನ್ನೂ ಇಸ್ಲಾಮನ್ನೂ ದ್ವೇಷಿಸುವವನು, ತನ್ನನ್ನು ಕ್ರೈಸ್ತ ಯೂರೋಪಿನ ರಕ್ಷಕನೆಂದು ಬಗೆದವನು. ಈ ಕೆಲವು ಗಂಟೆಗಳ ಊಹೆಯನ್ನು ಇತಿಹಾಸವು ಮರೆಯಬಾರದು. ಶೋಕದ ಮೊದಲ ಕ್ಷಣದಲ್ಲಿ ಸಮಾಜವು ಯಾರ ಕಡೆಗೆ ಬೆರಳು ತೋರಿಸುತ್ತದೆ ಎಂಬುದರಲ್ಲಿ ಅದರ ಹಳೆಯ ಭಯಗಳು ಬಯಲಾಗುತ್ತವೆ.

2. ದೇವಾಲಯದ ಮುಂದಿನ ಹೂಗಳು

ಜುಲೈ 24ರ ಭಾನುವಾರ ಓಸ್ಲೋವಿನ ಪ್ರಧಾನ ದೇವಾಲಯದಲ್ಲಿ ಶೋಕ ಮತ್ತು ನಿರೀಕ್ಷೆಯ ಆರಾಧನೆ ನಡೆಯಿತು. ರಾಜದಂಪತಿಗಳೂ ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್ ಅವರೂ ಅದರಲ್ಲಿ ಪಾಲ್ಗೊಂಡರು. ಹಿಂಸೆಗೆ ದೇಶದ ಉತ್ತರವು ಹೆಚ್ಚಿನ ಪ್ರಜಾಪ್ರಭುತ್ವ, ಹೆಚ್ಚಿನ ಮುಕ್ತತೆ ಮತ್ತು ಹೆಚ್ಚಿನ ಮಾನವೀಯತೆಯೇ ಆಗಿರಬೇಕೆಂದು ಪ್ರಧಾನಿ ಹೇಳಿದರು. ಮರುದಿನ ರಾಜಧಾನಿಯಲ್ಲಿ ಸುಮಾರು ಎರಡು ಲಕ್ಷ ಜನರು ಗುಲಾಬಿಗಳನ್ನು ಹಿಡಿದು ನೆರೆದರು. ದೇವಾಲಯದ ಮುಂದಿನ ಚೌಕವು ಹೂಗಳಿಂದಲೂ ಮೇಣದ ಬತ್ತಿಗಳಿಂದಲೂ ತುಂಬಿಹೋಯಿತು. ಆರಾಧನೆಗೆ ವಿರಳವಾಗಿ ಬರುತ್ತಿದ್ದ ಜನರು ದುಃಖದ ದಿನ ದೇವಾಲಯದ ಬಾಗಿಲಿಗೆ ಬಂದರು.

ಜುಲೈ 29ರಂದು ಮೊದಲ ಶವಸಂಸ್ಕಾರಗಳು ನಡೆದವು. ಇರಾಕಿನಿಂದ ಬಂದ ಕುರ್ದಿ ಮುಸ್ಲಿಮ್ ಮನೆತನದ ಯುವತಿಯೊಬ್ಬಳ ಅಂತ್ಯಕ್ರಿಯೆಯಲ್ಲಿ ಲೂಥರನ್ ಸಭಾಪಾಲಕಿಯೂ ಇಮಾಮರೂ ಅಕ್ಕಪಕ್ಕದಲ್ಲಿ ನಡೆದರು. ಯಾವ ಎರಡು ಸಮುದಾಯಗಳು ಕೂಡಿ ಬಾಳಲಾರವೆಂದು ಸಾರಲು ಕೊಲೆ ನಡೆಯಿತೋ, ಆ ಎರಡೂ ಒಂದೇ ಶವಪೆಟ್ಟಿಗೆಯನ್ನು ಹಿಂಬಾಲಿಸಿದವು. ಆ ವಾರದಲ್ಲಿ ಸಭೆಯು ಕೊಟ್ಟ ಅತ್ಯಂತ ಸ್ಪಷ್ಟವಾದ ಪ್ರಬೋಧನೆ ಬಹುಶಃ ಈ ಮೌನ ನಡಿಗೆಯೇ.

3. ನ್ಯಾಯಾಲಯದಲ್ಲಿ ಹೆಸರುಗಳು

2012ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭವಾಯಿತು. ಓಸ್ಲೋ ಜಿಲ್ಲಾ ನ್ಯಾಯಾಲಯವು 77 ಮಂದಿಯಲ್ಲಿ ಪ್ರತಿಯೊಬ್ಬರ ಮರಣೋತ್ತರ ಪರೀಕ್ಷೆಯ ವರದಿಯನ್ನು ಕೇಳಿತು. ಅದಾದ ಮೇಲೆ ಆ ವ್ಯಕ್ತಿಯ ಭಾವಚಿತ್ರವನ್ನು ತೋರಿಸಿ, ಅವರು ಎಂಥವರಾಗಿದ್ದರೆಂದು ಕೆಲವು ಮಾತುಗಳಲ್ಲಿ ಓದಲಾಯಿತು. ಸಾವಿನ ಲೆಕ್ಕದೊಳಗಿಂದ ಒಂದೊಂದೇ ಜೀವವನ್ನು ಹೊರತೆಗೆದು ಹೆಸರಿಡುವ ಈ ಕ್ರಮದಲ್ಲಿ, ನ್ಯಾಯಾಲಯವು ತಾನರಿಯದೆಯೇ ಒಂದು ಯಾಜಕೀಯ ಕಾರ್ಯವನ್ನು ನೆರವೇರಿಸಿತು ಎನ್ನಬಹುದು.

ಆರೋಪಿಯ ಮನಸ್ಸಿನ ಸ್ಥಿತಿಯ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿತ್ತು. ಮೊದಲ ವರದಿಯು ಅವನನ್ನು ಮನೋರೋಗಿಯೆಂದಿತು; ಎರಡನೆಯದು ಅದನ್ನು ಒಪ್ಪಲಿಲ್ಲ. ಆಗಸ್ಟ್ 24ರಂದು ನ್ಯಾಯಾಲಯವು ಅವನು ಸ್ವಸ್ಥಚಿತ್ತನೇ ಎಂದು ನಿರ್ಣಯಿಸಿ, ಅವಧಿಯನ್ನು ವಿಸ್ತರಿಸಬಹುದಾದ 21 ವರ್ಷಗಳ ಬಂಧನವನ್ನು ವಿಧಿಸಿತು. ಇದರ ಮಹತ್ವ ದೊಡ್ಡದು. ಹುಚ್ಚನ ಕೃತ್ಯಕ್ಕೆ ಸಮಾಜವು ಉತ್ತರ ಹೇಳಬೇಕಾಗಿಲ್ಲ. ಆದರೆ ಸ್ವಸ್ಥಚಿತ್ತನೊಬ್ಬನು ಒಂದು ವಿಚಾರವನ್ನು ನಂಬಿ ಕೊಂದಿದ್ದರೆ, ಆ ವಿಚಾರವು ಎಲ್ಲಿಂದ ಬಂತು, ಯಾರ ಮಾತುಗಳಿಂದ ಬೆಳೆಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ತಿಂಗಳಲ್ಲಿ ಹೊರಬಂದ ತನಿಖಾ ಆಯೋಗದ ವರದಿಯೂ ನಿಷ್ಠುರವಾಗಿತ್ತು: ಆಗಲೇ ನಿರ್ಧರಿಸಿದ್ದ ಭದ್ರತಾ ಕ್ರಮಗಳನ್ನು ಜಾರಿಗೆ ತಂದಿದ್ದರೆ ಓಸ್ಲೋವಿನ ಸ್ಫೋಟವನ್ನು ತಡೆಯಬಹುದಾಗಿತ್ತು, ಪೊಲೀಸರು ಕೊಲೆಗಾರನನ್ನು ಇನ್ನೂ ಬೇಗನೆ ನಿಲ್ಲಿಸಬಹುದಾಗಿತ್ತು. ಶೋಕಿಸುವ ರಾಷ್ಟ್ರವೊಂದು ತನ್ನ ಲೋಪವನ್ನೂ ಬರಹಕ್ಕಿಳಿಸಿದ್ದು ಗಮನಾರ್ಹ.

4. ಕಲ್ಲು, ನೆಲ ಮತ್ತು ನೆರೆಯವರು

ಸ್ಮಾರಕದ ವಿಷಯದಲ್ಲಿ ಐಕ್ಯವು ಮುರಿಯಿತು. 2014ರಲ್ಲಿ ಸ್ವೀಡನ್ನಿನ ಕಲಾವಿದ ಯೂನಾಸ್ ದಾಲ್‌ಬೆರ್ಗ್ ಅವರ ಯೋಜನೆ ಆಯ್ಕೆಯಾಯಿತು. ಉಟೋಯಾಕ್ಕೆ ಎದುರಾಗಿರುವ ಸೋರ್‌ಬ್ರೋಟನ್ ಭೂಶಿರವನ್ನು ಸುಮಾರು ಮೂರೂವರೆ ಮೀಟರ್ ಅಗಲಕ್ಕೆ ಸೀಳಿ, ನಡುವೆ ನೀರು ಹರಿಯುವಂತೆ ಮಾಡಿ, ಆಚೆಯ ಬಂಡೆಯಲ್ಲಿ ಹೆಸರುಗಳನ್ನು ಕೆತ್ತುವುದು ಅದರ ಕಲ್ಪನೆ. ಹೆಸರುಗಳು ಕಾಣುತ್ತವೆ, ಕೈಗೆ ನಿಲುಕುವುದಿಲ್ಲ. ನಷ್ಟವನ್ನು ಇಷ್ಟು ಸತ್ಯವಾಗಿ ಹೇಳುವ ಸ್ಮಾರಕಗಳು ಕಡಮೆ.

ಆದರೆ ಆ ದಡದ ನಿವಾಸಿಗಳಲ್ಲಿ ಅನೇಕರು ಅದನ್ನು ವಿರೋಧಿಸಿದರು. ಇವರು ದೂರದಿಂದ ಟೀಕಿಸಿದವರಲ್ಲ. ಗುಂಡುಗಳ ನಡುವೆ ತಮ್ಮ ದೋಣಿಗಳನ್ನು ಇಳಿಸಿ, ಈಜುತ್ತಿದ್ದ ಮಕ್ಕಳನ್ನು ನೀರಿನಿಂದೆತ್ತಿ ಉಳಿಸಿದವರು ಇದೇ ದಡದವರು. ರಾಷ್ಟ್ರವು ವರ್ಷಕ್ಕೊಮ್ಮೆ ನೋಡುವ ಗಾಯವನ್ನು ತಾವು ಪ್ರತಿದಿನ ಕಿಟಕಿಯಿಂದ ನೋಡಬೇಕೇ ಎಂಬುದು ಅವರ ಅಳಲು. ಮೊಕದ್ದಮೆಯ ಒತ್ತಡದ ನಡುವೆ 2017ರಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ದ್ವೀಪಕ್ಕೆ ದೋಣಿ ಹೊರಡುವ ಕಟ್ಟೆಯ ಬಳಿ 77 ಕಂಚಿನ ಕಂಬಗಳ ಸ್ಮಾರಕವು, ಅದರ ವಿರುದ್ಧವೂ ನಡೆದ ವ್ಯಾಜ್ಯವನ್ನು ದಾಟಿ, 2022ರ ಜೂನ್‌ನಲ್ಲಿ ತೆರೆಯಲ್ಪಟ್ಟಿತು. ದುಃಖಿತರ ಹೆಸರಿನಲ್ಲಿ ಕಟ್ಟುವುದು ಕೂಡ ಇನ್ನೊಬ್ಬ ದುಃಖಿತನ ಮೇಲೆ ಭಾರ ಹೊರಿಸಬಲ್ಲದು ಎಂಬುದನ್ನು ಈ ಹನ್ನೊಂದು ವರ್ಷಗಳು ಕಲಿಸಿದವು.

ದ್ವೀಪದಲ್ಲಿ ಯುವಕರು ಬೇರೊಂದು ದಾರಿ ಹಿಡಿದರು. ಹದಿಮೂರು ಮಂದಿ ಸತ್ತ ಉಪಾಹಾರ ಗೃಹವನ್ನು ಮೊದಲು ಕೆಡವಬೇಕೆಂದಿದ್ದವರು, ಕೊನೆಗೆ ಅದರ ಒಂದು ಭಾಗವನ್ನು ಉಳಿಸಿಕೊಂಡು ಸುತ್ತಲೂ ಹೊಸ ಕಟ್ಟಡವನ್ನು ಕಟ್ಟಿದರು. ಅದರ ಮಾಡನ್ನು 69 ಕಂಬಗಳು ಹೊತ್ತಿವೆ. ಹೊರಸುತ್ತಿನಲ್ಲಿ ಬದುಕುಳಿದವರ ಗುರುತಾಗಿ 495 ಮರದ ಕಂಬಗಳಿವೆ. ಸತ್ತವರು ಒಳಗೆ, ಬದುಕುಳಿದವರು ಅವರನ್ನು ಕಾಯುವಂತೆ ಸುತ್ತಲೂ. 2015ರಿಂದ ಅಲ್ಲಿ ಶಿಬಿರಗಳು ಮತ್ತೆ ನಡೆಯುತ್ತಿವೆ.

5. ಹೇಳದೆ ಉಳಿದ ಮಾತು

ವರ್ಷಗಳು ಕಳೆದಂತೆ ಬದುಕುಳಿದವರೇ ಒಂದು ಕಠಿಣವಾದ ಮಾತನ್ನು ಎತ್ತಿದರು. ಗುಲಾಬಿಗಳ ಐಕ್ಯವು ಸುಂದರವಾಗಿತ್ತು. ಆದರೆ ಕೋಪಕ್ಕೆ ಅದರಲ್ಲಿ ಸ್ಥಳವಿರಲಿಲ್ಲ, ಕಾರಣಗಳ ಚರ್ಚೆಗೂ ಇರಲಿಲ್ಲ. ದಾಳಿಯು ದೇಶದ ಮೇಲಿನ ದಾಳಿಯೆಂದು ಎಲ್ಲರೂ ಹೇಳಿದರು. ಅದು ನಿರ್ದಿಷ್ಟ ರಾಜಕೀಯ ನಿಲುವಿನ ಯುವಜನರ ಮೇಲೆ, ನಿರ್ದಿಷ್ಟ ದ್ವೇಷದಿಂದ ನಡೆದ ದಾಳಿಯೆಂದು ಹೇಳಿದವರನ್ನು ದುರಂತದ ರಾಜಕೀಯ ಲಾಭ ಪಡೆಯುವವರೆಂದು ದೂರಲಾಯಿತು. ಬದುಕುಳಿದ ಹಲವರಿಗೆ ದ್ವೇಷದ ಪತ್ರಗಳೂ ಬೆದರಿಕೆಗಳೂ ಬಂದವು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ನಾರ್ವೆಯ ಕೊಲೆಗಾರನನ್ನು ತನಗೆ ಸ್ಫೂರ್ತಿಯೆಂದು ಹೆಸರಿಸಿದನು. ಅದೇ ವರ್ಷದ ಆಗಸ್ಟ್‌ನಲ್ಲಿ ಓಸ್ಲೋವಿನ ಬಳಿಯ ಮಸೀದಿಯ ಮೇಲೆಯೇ ದಾಳಿಯಾಯಿತು. ಹೂಗಳು ಬಾಡಿದ್ದವು, ಬೇರು ಬಾಡಿರಲಿಲ್ಲ.

ಯೆರೆಮೀಯನು ತನ್ನ ಕಾಲದ ಯಾಜಕರ ಮೇಲೆ ಹೊರಿಸಿದ ಆಪಾದನೆ ಇಲ್ಲಿ ನೆನಪಾಗುತ್ತದೆ: ಅವರು ಜನರ ಆಳವಾದ ಗಾಯಕ್ಕೆ ಸಮಾಧಾನವೆಂಬ ಅಗ್ಗದ ಲೇಪ ಹಚ್ಚಿದರು. ಜರ್ಮನ್ ದೈವಶಾಸ್ತ್ರಜ್ಞ ಯೋಹಾನ್ ಬ್ಯಾಪ್ಟಿಸ್ಟ್ ಮೆಟ್ಸ್ ಅವರು ಕ್ರಿಸ್ತನ ಬಾಧೆಯ ಸ್ಮರಣೆಯನ್ನು ಅಪಾಯಕಾರಿ ಸ್ಮರಣೆಯೆಂದು ಕರೆದದ್ದೂ ಇದೇ ಅರ್ಥದಲ್ಲಿ. ನಿಜವಾದ ಸ್ಮರಣೆಯು ಸಾಂತ್ವನ ಹೇಳಿ ನಿಲ್ಲುವುದಿಲ್ಲ, ಬದುಕಿರುವವರನ್ನು ಪ್ರಶ್ನಿಸುತ್ತದೆ.

ಸಭೆಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಕೊಲೆಗಾರನು ತನ್ನನ್ನು ಸಾಂಸ್ಕೃತಿಕ ಕ್ರೈಸ್ತನೆಂದು ಕರೆದುಕೊಂಡನು. ಕ್ರಿಸ್ತನೊಡನೆ ವೈಯಕ್ತಿಕ ಸಂಬಂಧವು ಅದಕ್ಕೆ ಅಗತ್ಯವಲ್ಲವೆಂದೂ ಬರೆದನು. ಅವನು ನಮ್ಮವನಲ್ಲವೆಂದು ಹೇಳಿ ಕೈತೊಳೆಯುವುದು ಸುಲಭ. ಆದರೆ ಶಿಲುಬೆಯನ್ನು ಕೊಲ್ಲಲ್ಪಟ್ಟವನ ಗುರುತಾಗಿ ಅಲ್ಲದೆ ಜನಾಂಗದ ಗಡಿಕಲ್ಲಾಗಿ ಬಳಸುವ ಅಭ್ಯಾಸವನ್ನು ಅವನು ಕಂಡುಹಿಡಿಯಲಿಲ್ಲ; ಶತಮಾನಗಳ ಕ್ರೈಸ್ತ ಇತಿಹಾಸದಿಂದ ಎರವಲು ಪಡೆದನು. ಅದನ್ನು ಒಪ್ಪಿಕೊಳ್ಳುವುದು ಸಭೆಯ ಪಾಪನಿವೇದನೆಯ ಭಾಗ.

6. ಸಭಾಪಾಲನೆಗೆ ದೊರೆಯುವ ಪಾಠ

ಹಿಂಸೆಯ ನಂತರದ ಭಾನುವಾರ ಪ್ರಸಂಗಪೀಠಕ್ಕೆ ಏರಬೇಕಾದವರು ಈ ಇತಿಹಾಸದಿಂದ ಮೂರು ವಿಷಯಗಳನ್ನು ಗ್ರಹಿಸಬಹುದು. ಮೊದಲನೆಯದು, ತಿಳಿಯುವ ಮೊದಲು ವೈರಿಯನ್ನು ಹೆಸರಿಸಬಾರದು. ಆ ಹೊತ್ತಿನ ವದಂತಿಗೆ ಬಲಿಯಾಗುವವರ ಪಕ್ಕದಲ್ಲಿ ನಿಲ್ಲುವುದು ಸಭಾಪಾಲಕನ ಕರ್ತವ್ಯ. ಎರಡನೆಯದು, ಸಾಂತ್ವನಕ್ಕೆ ಮುಂಚೆ ಪ್ರಲಾಪಕ್ಕೆ ಸ್ಥಳ ಬಿಡಬೇಕು. ದಾವೀದನ ಕೀರ್ತನೆಗಳಲ್ಲಿ ಕೋಪವೂ ಪ್ರಾರ್ಥನೆಯೇ. ದುಃಖಿತರಿಗೆ ಆ ಹಕ್ಕನ್ನು ನಿರಾಕರಿಸುವ ಐಕ್ಯವು ಬಹುಕಾಲ ಬಾಳದು. ಅವರಿಗಾಗಿ ಇತರರು ಕ್ಷಮೆಯನ್ನು ಘೋಷಿಸುವಂತೆಯೂ ಇಲ್ಲ. ಮೂರನೆಯದು, ಸತ್ತವರನ್ನು ಸಂಖ್ಯೆಯಾಗಿ ಅಲ್ಲ, ಹೆಸರುಗಳಾಗಿ ದೇವರ ಮುಂದೆ ತರಬೇಕು, ವರ್ಷಗಳ ನಂತರವೂ ತರಬೇಕು.

ಹೇಬೆಲನ ರಕ್ತವು ನೆಲದಿಂದ ಕೂಗಿದಾಗ ದೇವರು ಕಾಯಿನನಿಗೆ ಮೊದಲು ಕೇಳಿದ್ದು ಒಂದು ಪ್ರಶ್ನೆಯನ್ನು. ದಂಡನೆಯ ಮಾತು ಆಮೇಲೆ ಬಂತು. ತಮ್ಮನೆಲ್ಲಿ ಎಂಬ ಆ ಪ್ರಶ್ನೆಗೆ ಉತ್ತರ ಕೊಡಲು ಸಿದ್ಧವಿರುವ ಜನಾಂಗವೇ ಸರಿಯಾಗಿ ಸ್ಮರಿಸಬಲ್ಲದು. ಅದನ್ನು ಜನಾಂಗಕ್ಕೆ ಕೇಳಿಸುವ ಸಭೆಯು ಮೊದಲು ತಾನೇ ಅದಕ್ಕೆ ಕಿವಿಗೊಡಬೇಕು.