ಸಕ್ಕರಿ ಆನಿ, ನೂಲಿನ ಆನಿ

ದೀಪಾವಳಿ ರಜೆಗೆಂದು ಪುಣೆಯಿಂದ ಬಂದ ಮೊಮ್ಮಗಳು ಗೌರಿ ಹುಣ್ಣಿಮೆ ಮುಗಿಸಿಕೊಂಡೇ ಹೋಗುವುದೆಂದು ಹಟ ಹಿಡಿದಿದ್ದಳು. ಗೌರಿಯ ಮೇಲಿನ ಭಕ್ತಿಗಿಂತ ಸಕ್ಕರೆ ಗೊಂಬೆಗಳ ಮೇಲಿನ ಆಸೆಯೇ ಅದಕ್ಕೆ ಕಾರಣವೆಂಬುದು ನನಗೆ ಗೊತ್ತಿತ್ತು. ಧಾರವಾಡದ ಪೇಟೆಯಿಂದ ಆನೆ, ಕುದುರೆ, ಗಿಳಿ, ತೇರು ಎಲ್ಲ ಇರುವ ಒಂದು ಪೊಟ್ಟಣ ತಂದುಕೊಟ್ಟೆ. ಆರತಿ ಮುಗಿಯುವಷ್ಟರಲ್ಲಿ ಗಿಳಿಯ ಕೊಕ್ಕು ಮಾಯವಾಗಿತ್ತು. ಆನೆಯನ್ನು ಮಾತ್ರ ಆಕೆ ತಿನ್ನಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಇರುವೆಗಳ ಸಾಲು, ಆನೆಗೆ ಸೊಂಡಿಲಿಲ್ಲ.

ಅತ್ತು ಮುಗಿಸಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬೂದು ಬಣ್ಣದ ನೂಲಿನಲ್ಲಿ ಹೆಣೆದ, ಅಂಗೈಯಲ್ಲಿ ಕೂರುವಂಥ ಒಂದು ಪುಟ್ಟ ಆನೆ. ಕೆಳಗೆ ಬೆಲೆ, 299 ರೂಪಾಯಿ.

"ಅಜ್ಜಿ, ಇದಕ್ಕ ಇರುವಿ ಹತ್ತೂದಿಲ್ಲ. ನಿನಗ ಮಾಡಾಕ ಬರತದೇನು?"

ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬರದೇ ಏನು? ಇದು ನಮ್ಮ ಅವ್ವನ ಕ್ರೋಶಾ! ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಂಡಿದ್ದದ್ದು ಈಗ ಎದ್ದು ಕುಳಿತಿತ್ತು, ಅಷ್ಟೇ.

ನಾನು ಚಿಕ್ಕವಳಿದ್ದಾಗ, ಅಂದರೆ 1950ರ ದಶಕದ ಕೊನೆಗೆ, ಧಾರವಾಡದಲ್ಲಿ ಕ್ರೋಶಾದ ಕಡ್ಡಿ ಇಲ್ಲದ ಮನೆ ನಾನು ಕಂಡಿಲ್ಲ. ರೇಡಿಯೋಕ್ಕೆ ಕ್ರೋಶಾದ ಅಂಗಿ, ನೀರಿನ ಲೋಟಕ್ಕೆ ಮಣಿ ಕಟ್ಟಿದ ಕ್ರೋಶಾದ ಮುಚ್ಚಳ, ಬಾಗಿಲಿಗೆ ತೋರಣ, ದಿಂಬಿನ ಅಂಚಿಗೆ ಲೇಸು. ಕನ್ಯೆ ನೋಡಲು ಬಂದವರ ಮುಂದೆ ಅವಲಕ್ಕಿಯ ತಟ್ಟೆಗಿಂತ ಮೊದಲು ಬರುತ್ತಿದ್ದದ್ದು ಹುಡುಗಿ ಹೆಣೆದ ಮೇಜಿನ ಹೊದಿಕೆ. ಹುಡುಗಿ ನಿಜವಾಗಿ ಹೆಣೆದಿದ್ದಾಳೋ, ಅತ್ತಿಗೆಯದನ್ನು ತಂದು ಹಾಸಿದ್ದಾರೋ ಎಂಬ ಗುಮಾನಿಯಿಂದ ವರನ ಸೋದರತ್ತೆ ಕಡ್ಡಿ ಕೊಟ್ಟು "ನಾಕು ಸಾಲು ಹಾಕವ್ವಾ" ಎಂದದ್ದನ್ನು ನಾನೇ ನೋಡಿದ್ದೇನೆ. ನಮ್ಮ ಅವ್ವ ಕುಣಿಕೆಗಳ ಸರಪಣಿಗೆ ಸಾಖಳಿ, ಎತ್ತರದ ಹೊಲಿಗೆಗೆ ಖಾಂಬ ಎನ್ನುತ್ತಿದ್ದಳು. ಎರಡೂ ಮರಾಠಿ ಮಾತು. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರಿನಲ್ಲಿ ನೂಲಿಗೂ ಮರಾಠಿ ಬರುತ್ತಿತ್ತು.

ಆದರೆ ಈ ವಿದ್ಯೆ ಮರಾಠಿಯದೂ ಅಲ್ಲ, ಕನ್ನಡದ್ದೂ ಅಲ್ಲ. ಕ್ರೋಶೆ ಎಂದರೆ ಫ್ರೆಂಚಿನಲ್ಲಿ ಸಣ್ಣ ಕೊಕ್ಕೆ. ಈಗ ನಾವು ಕಾಣುವ ರೂಪದಲ್ಲಿ ಇದು ಯುರೋಪಿನಲ್ಲಿ ಹಬ್ಬಿದ್ದು 19ನೆಯ ಶತಮಾನದ ಮೊದಲರ್ಧದಲ್ಲಿ. 1845ರಿಂದ ಐರ್ಲಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗ ಬಿದ್ದು ಕೊಳೆತು, ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಗ ಅಲ್ಲಿಯ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸು ಒಂದು ತುತ್ತಿನ ದಾರಿಯಾಯಿತು. ಕಾರ್ಕ್ ಪಟ್ಟಣದ ಕ್ರೈಸ್ತ ಸಂನ್ಯಾಸಿನಿಯರು ಅದನ್ನು ಕಲಿಸಿದರು. ಇಂಗ್ಲೆಂಡಿನ ಶ್ರೀಮಂತ ಹೆಂಗಸರು ಕೊಂಡು ಕೊರಳಿಗೆ ಕಟ್ಟಿಕೊಂಡರು. ನಾವು ಸಂಸಾರದ ಶೃಂಗಾರ ಎಂದುಕೊಂಡ ಈ ಹೆಣಿಗೆಯ ಹಿಂದೆ ಬರಗಾಲವೂ ಇದೆ.

ನಮ್ಮ ದೇಶಕ್ಕೆ ಅದು ಬಹುಮಟ್ಟಿಗೆ ಮಿಷನರಿಗಳ ಹೆಂಡಂದಿರ ಕೈಚೀಲದಲ್ಲಿ ಬಂತು. ಆಂಧ್ರದ ಗೋದಾವರಿ ಸೀಮೆಯ ಕ್ರೋಶಾ ಲೇಸಿಗೆ 1844ರ ಸುಮಾರಿಗೆ ಸ್ಕಾಟ್ಲಂಡಿನ ಮಿಷನರಿ ದಂಪತಿಗಳು ಮೊದಲು ಹಾಕಿದರೆಂದು ಹೇಳುತ್ತಾರೆ. ಮುಂದೆ ನರಸಾಪುರ ಅದರ ದೊಡ್ಡ ಪೇಟೆಯಾಯಿತು. ನಮ್ಮ ಕಡೆ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಕಿಟೆಲ್ ಸಾಹೇಬರು ಕನ್ನಡ ಕಲಿಯತೊಡಗಿದ್ದು ನಮ್ಮ ಧಾರವಾಡದಲ್ಲಿ ಎಂಬುದು ಎಲ್ಲರಿಗೂ ಗೊತ್ತು. 1894ರಲ್ಲಿ ಅವರ ನಿಘಂಟು ಅಚ್ಚಾಯಿತೆಂಬುದನ್ನು ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಆದರೆ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಹೊಲಿಗೆ ಹೆಣಿಗೆ ಕಲಿಸಿದ ಹೆಂಗಸರ ಹೆಸರು ನಮ್ಮ ಬಾಯಲ್ಲಿ ಉಳಿಯಲಿಲ್ಲ. ಶಬ್ದ ಕೂಡಿಸಿದವರಿಗೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು, ಕುಣಿಕೆ ಕೂಡಿಸಿದವರಿಗೆ ಸಿಗಲಿಲ್ಲ.

ಹೊಸ ಕಡ್ಡಿ ಇಲ್ಲಿ ಇಷ್ಟು ಬೇಗ ಬೇರುಬಿಟ್ಟದ್ದಕ್ಕೆ ಒಂದು ಕಾರಣ ನಮ್ಮ ಕಸೂತಿ ಎಂದು ನನಗೆ ಅನಿಸುತ್ತದೆ. ಕಸೂತಿ ಹಾಕುವವಳು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾಳೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಲ್ಲವೂ ಲೆಕ್ಕದ ಮೇಲೆ ನಿಂತವು. ಇಳಕಲ್ಲ ಸೀರೆಯ ಸೆರಗಿನ ಮೇಲೆ ಅಂಬಾರಿ ಆನೆಯನ್ನು ಎಣಿಸಿ ಎಣಿಸಿ ನಿಲ್ಲಿಸಿದವಳಿಗೆ ಕ್ರೋಶಾದ ಲೆಕ್ಕ ಯಾವ ದೊಡ್ಡ ಮಾತು?

ಗೊಂಬೆ ಮಾಡುವುದೂ ನಮ್ಮ ಹೆಂಗಸರಿಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಗೌರಿ ಹುಣ್ಣಿಮೆಗೆ ಸಕ್ಕರೆ ಆನೆ. ನಿಶ್ಚಯವಾದ ಹುಡುಗಿಯ ಮನೆಗೆ ಬೀಗರಿಂದ ಸೀರೆಯೊಂದಿಗೆ ಸಕ್ಕರೆ ಆರತಿ ಬರಬೇಕು. ಹಿಂದೆ ಕಟ್ಟಿಗೆಯ ಅಚ್ಚುಗಳನ್ನು ಓಣಿಯಲ್ಲಿ ಕಡ ಕೊಟ್ಟು ತಂದು, ಪಾಕ ಹೊಯ್ದು ಮನೆಯಲ್ಲೇ ಮಾಡುತ್ತಿದ್ದರು. ಆದರೆ ಒಂದು ಮಾತು ಗಮನಿಸಿದಿರಾ? ಇವೆಲ್ಲ ಉಳಿಯಲಾರದ ಗೊಂಬೆಗಳು. ಎತ್ತು ನೀರಿಗೆ, ಗುಳ್ಳವ್ವ ನೀರಿಗೆ, ಸಕ್ಕರೆ ಆನೆ ಬಾಯಿಗೆ. ಮುಂದಿನ ವರ್ಷ ಮತ್ತೆ ಮಾಡಬೇಕು. ಅಡುಗೆಯ ಹಾಗೆಯೇ ಇದೂ. ಎಷ್ಟು ಮಾಡಿದರೂ ಮಾಡಿದ್ದಕ್ಕೆ ಗುರುತಿಲ್ಲ.

ಉಳಿಯುವ ಗೊಂಬೆಯ ಕಥೆಯಲ್ಲೂ ಮೊದಲಿಗೆ ಒಂದು ಆನೆ ಇದೆ, ಒಬ್ಬ ಹೆಣ್ಣುಮಗಳಿದ್ದಾಳೆ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಗೀಂಗನ್ ಎಂಬ ಊರಿನವಳು, ಮಾರ್ಗರೆಟೆ ಸ್ಟೈಫ್. ಬಾಸೆಲ್ ಮಿಷನ್ನಿನ ಎಷ್ಟೋ ಜನ, 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಕೂಡ, ಅದೇ ಸೀಮೆಯವರು. 1847ರಲ್ಲಿ ಹುಟ್ಟಿದ ಮಾರ್ಗರೆಟೆಗೆ ಕೂಸಾಗಿದ್ದಾಗಲೇ ಪೋಲಿಯೋ ಬಡಿದು ಕಾಲು ಸ್ವಾಧೀನ ತಪ್ಪಿದವು, ಬಲಗೈ ಸೋತಿತು. ಗಾಲಿಕುರ್ಚಿಯಲ್ಲಿ ಕುಳಿತೇ ಹೊಲಿಗೆ ಕಲಿತು ಅಂಗಡಿ ಇಟ್ಟಳು. 1880ರಲ್ಲಿ ಒಂದು ಪತ್ರಿಕೆಯಲ್ಲಿದ್ದ ಮಾದರಿ ನೋಡಿ ಸೂಜಿ ಚುಚ್ಚಿಡಲೆಂದು ಉಣ್ಣೆ ಬಟ್ಟೆಯ ಪುಟ್ಟ ಆನೆ ಮಾಡಿದಳು. ಮಕ್ಕಳು ಸೂಜಿ ಕಿತ್ತು ಹಾಕಿ ಆನೆಯನ್ನು ಆಡಲು ಒಯ್ದರು! ಒಳಗೆ ಮೆತ್ತೆ ತುಂಬಿದ ಪ್ರಾಣಿಯ ಗೊಂಬೆ ದೊಡ್ಡ ಉದ್ಯೋಗವಾಗಿ ಬೆಳೆದದ್ದು ಹೀಗೆ. ಕ್ರೋಶಾದಲ್ಲಿ ಪ್ರಾಣಿ ಹೆಣೆಯುವುದನ್ನು ಒಂದು ಕಲೆಯಾಗಿ ಬೆಳೆಸಿದವರು ಜಪಾನಿನವರು. ಅಮಿಗುರುಮಿ ಎಂದು ಅದರ ಹೆಸರು. ಹೆಣಿಗೆ ಎಂಬ ಶಬ್ದಕ್ಕೂ ತುಂಬಿದ ಗೊಂಬೆ ಎಂಬ ಶಬ್ದಕ್ಕೂ ಗಂಟು ಹಾಕಿ ಮಾಡಿದ ಹೆಸರು ಅದು. 2000ರ ನಂತರ ಅದು ಜಗತ್ತಿನಲ್ಲೆಲ್ಲ ಹಬ್ಬಿತು. ಹಾಗೆ ಹಬ್ಬುತ್ತ ನನ್ನ ಮೊಮ್ಮಗಳ ಮೊಬೈಲಿಗೂ ಬಂದಿತ್ತು.

ಸರಿ, ಅವ್ವನ ತಗಡಿನ ಡಬ್ಬಿ ಇಳಿಸಿದೆ. ಅವಳ ಉಕ್ಕಿನ ಕಡ್ಡಿಗಳು ಸಣ್ಣ ನೂಲಿನವು. ಹೊಸಬರಿಗೆ ಅವು ಆಗುವುದಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ 3 ಮಿಲಿಮೀಟರಿನ ಒಂದು ಕಡ್ಡಿ, ನಡು ದಪ್ಪದ ಬೂದು ಉಣ್ಣೆ ತಂದೆವು. ಕಪ್ಪು ಬಣ್ಣ ಬೇಡವೆಂದೆ, ಕಲಿಯುವವರಿಗೆ ಅದರಲ್ಲಿ ಕುಣಿಕೆ ಕಾಣುವುದಿಲ್ಲ.

ಆನೆಯ ಹೊಟ್ಟೆ ಒಂದು ಚೆಂಡು. ನೂಲಿನ ಉಂಗುರದಲ್ಲಿ 6 ಗಿಡ್ಡ ಕುಣಿಕೆ ಹಾಕಿ ಬಿಗಿದರೆ ಚೆಂಡಿನ ಹೊಕ್ಕಳು. ಎರಡನೆಯ ಸುತ್ತಿನಲ್ಲಿ ಪ್ರತಿ ಕುಣಿಕೆಯಲ್ಲಿ ಎರಡೆರಡು, ಅಂದರೆ 12. ಮುಂದೆ ಒಂದು ಬಿಟ್ಟು ಒಂದರಲ್ಲಿ ಎರಡು ಹಾಕಿದರೆ 18. ಎರಡು ಬಿಟ್ಟು ಒಂದರಲ್ಲಿ ಎರಡು ಹಾಕಿದರೆ 24. ಸುತ್ತಿಗೆ ಆರರಂತೆ ಬೆಳೆದರೆ ಬಿಲ್ಲೆ ಸಪಾಟಾಗಿ ಕೂರುತ್ತದೆ. ಕಡಿಮೆಯಾದರೆ ಟೊಪ್ಪಿಗೆಯ ಹಾಗೆ ಬೇಗ ಬಗ್ಗುತ್ತದೆ, ಹೆಚ್ಚಾದರೆ ಲಂಗದ ಝಾಲರಿನಂತೆ ಅಲೆ ಬೀಳುತ್ತದೆ. ಆಮೇಲೆ ಹೆಚ್ಚಿಸದೆ 24ರಲ್ಲೇ 6 ಸುತ್ತು. ಈಗ ಬಟ್ಟಲು ಆಯಿತು. ಎರಡು ಕುಣಿಕೆಯನ್ನು ಒಂದು ಮಾಡುತ್ತ ಬಂದ ದಾರಿಯಲ್ಲೇ ತಿರುಗಿ ಹೋಗುವುದು, 18, 12. ಬಾಯಿ ಮುಚ್ಚುವ ಮೊದಲು ಒಳಗೆ ತುಂಬಿ, 6 ಆದಮೇಲೆ ನೂಲು ಎಳೆದು ಬಿಗಿಯುವುದು. ತಲೆಗೆ 18ರವರೆಗೆ ಬೆಳೆಸಿ, 4 ಸುತ್ತು ಹಾಕಿ ಇಳಿಸಿದರೆ ಸಾಕು. ಸೊಂಡಿಲಿಗೆ 6 ಕುಣಿಕೆಯ ಕೊಳವೆ 8 ಸುತ್ತು. ಕಾಲಿಗೆ 6, ನಂತರ 9 ಮಾಡಿ, 9ರಲ್ಲೇ 4 ಸುತ್ತು. ಕಿವಿಗೆ 18ರ ಎರಡು ಬಿಲ್ಲೆ. ಬಾಲಕ್ಕೆ ನಾಲ್ಕು ಬೆರಳು ಅಗಲದ ಸಾಖಳಿ. ಪ್ರತಿ ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ಎಳೆಯನ್ನೋ ಪಿನ್ನನ್ನೋ ಗುರುತಿಗೆ ಸಿಕ್ಕಿಸಬೇಕು. ಇದನ್ನು ಮರೆತವರು ಅದೇ ಸುತ್ತನ್ನು ಎರಡು ಸಲ ಹಾಕುತ್ತಾರೆ. ಕಣ್ಣಿಗೆ ಗುಂಡಿ ಬೇಡ, ಸಣ್ಣ ಮಕ್ಕಳು ಕಿತ್ತು ನುಂಗುತ್ತವೆ. ಕಪ್ಪು ದಾರದಲ್ಲಿ ಎರಡು ಹೊಲಿಗೆ ಸಾಕು.

ತುಂಬಲು ಏನು? ಪೇಟೆಯಲ್ಲಿ ಪಾಲಿಯೆಸ್ಟರಿನ ಎಳೆ ಸಿಗುತ್ತದೆ, ತೊಳೆದರೆ ಬೇಗ ಒಣಗುತ್ತದೆ. ನಾನು ಅರಳೆಯನ್ನೇ ಆರಿಸಿದೆ. 1972ರಲ್ಲಿ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿಯನ್ನು ದೇಶಕ್ಕೆ ಕೊಟ್ಟ ಊರಿನಲ್ಲಿದ್ದು ಪಾಲಿಯೆಸ್ಟರ್ ತುಂಬುವುದೇ! ಆದರೆ ಅರಳೆ ತೊಯ್ದರೆ ಗಂಟು ಕಟ್ಟುತ್ತದೆ ಎಂಬುದನ್ನು ನೆನಪಿಡಿ. ಬಿಡಿಸಿ ಬಿಡಿಸಿ, ಸ್ವಲ್ಪ ಸ್ವಲ್ಪವಾಗಿ ಮೂಲೆಗೆ ಒತ್ತಿ ತುಂಬಬೇಕು.

ಮೊಮ್ಮಗಳ ಮೊದಲ ಚೆಂಡು ಬದನೆಕಾಯಿಯಾಯಿತು. ಎರಡನೆಯದನ್ನು ಮೂರು ಸಲ ಬಿಚ್ಚಿದಳು. ಬಿಚ್ಚಿದಾಗ ನೂಲು ಹಾಳಾಗುವುದಿಲ್ಲ, ಕ್ರೋಶಾದ ದೊಡ್ಡ ಗುಣ ಅದು. ಐದು ಸಂಜೆ ಕಳೆದ ಮೇಲೆ ದೊಡ್ಡ ಲಿಂಬೆಹಣ್ಣಿನಂಥ ಹೊಟ್ಟೆಯ, ಒಂದು ಕಿವಿ ಮೇಲಾದ ಆನೆ ಎದ್ದು ನಿಂತಿತು. ನಾನು ಜೊತೆಗೆ ಹೆಣೆದದ್ದಕ್ಕೆ ಒಟ್ಟು 7 ತಾಸು ಹಿಡಿದಿತ್ತು.

ಪುಣೆಯ ಹುಡುಗಿ, ಲೆಕ್ಕ ಹಾಕಿದಳು. "ಅಜ್ಜಿ, ಉಣ್ಣಿಗೆ 70 ರೂಪಾಯಿ. 299ರಾಗ ಅದನ್ನ ಕಳದರ 229. ನೀ 7 ತಾಸು ತಗೊಂಡಿ. ಅಂದರ ತಾಸಿಗೆ 33 ರೂಪಾಯಿನೂ ಬೀಳಲಿಲ್ಲ. ಅಂಗಡಿಯವನ ಪಾಲು ಬ್ಯಾರೆ!"

ನಾನು ಸುಮ್ಮನಾದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವ ಒಬ್ಬ ವ್ಯಾಪಾರಿಗೆ ಹೆಣೆದು ಕೊಡುತ್ತಿದ್ದಳು. ಅವನು ನೂಲು ತೂಗಿ ಕೊಡುವನು, ಲೇಸು ತೂಗಿ ಒಯ್ಯುವನು. ಒಮ್ಮೆ ಅವ್ವ ಇನ್ನೆಂಟಾಣೆ ಹೆಚ್ಚು ಕೇಳಿದಳು. "ಖಾಲಿ ವ್ಯಾಳ್ಯಾದಾಗ ಮಾಡಿದ್ದಲ್ಲೇನ್ರಿ, ಬಾಯಾರ?" ಎಂದು ಅವನು ನಕ್ಕ. ಅವ್ವ ಮಾತಾಡಲಿಲ್ಲ. ಆ ಖಾಲಿ ವೇಳೆ ಎಂಥದೆಂದು ನನಗೆ ಗೊತ್ತಿತ್ತು. ಒಂಬತ್ತು ಜನರ ಊಟ ಮುಗಿದು, ಮುಸುರೆ ತಿಕ್ಕಿ, ಕಂದೀಲಿನ ಬತ್ತಿ ಏರಿಸಿ ಕುಳಿತ ವೇಳೆ ಅದು. ಆ ದುಡ್ಡಿನಲ್ಲೇ ನನ್ನ ಪರೀಕ್ಷೆಯ ಫೀ ತುಂಬಿದ್ದು. ಮುಂದೊಮ್ಮೆ ಒಂದು ಪ್ರದರ್ಶನದಲ್ಲಿ ಅವಳ ಮೇಜಿನ ಹೊದಿಕೆಗೆ ಬಹುಮಾನ ಬಂತು. ಪತ್ರದಲ್ಲಿ ಶ್ರೀಮತಿ ಎಂಬುದರ ಮುಂದೆ ಇದ್ದದ್ದು ಅಪ್ಪನ ಹೆಸರು. ಅಪ್ಪನಿಗೆ ಕಡ್ಡಿ ಹಿಡಿಯುವುದು ಹೇಗೆಂದೂ ಗೊತ್ತಿರಲಿಲ್ಲ!

ಇದು ನಮ್ಮ ಮನೆಯೊಂದರ ಮಾತಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ನರಸಾಪುರದ ಲೇಸಿನ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನಕ್ಕೆ ಆರೆಂಟು ತಾಸು ಹೆಣೆದು, ಪರದೇಶದ ಹಣ ತರುವ ಲೇಸು ಮಾಡುತ್ತಿದ್ದ ಆ ಹೆಂಗಸರನ್ನು ಕೂಲಿಕಾರರೆಂದು ಯಾರೂ ಎಣಿಸಿರಲಿಲ್ಲ. ಅವರು ಮನೆಯಲ್ಲಿ ಕುಳಿತ ಗೃಹಿಣಿಯರು, ಬಿಡುವಿನಲ್ಲಿ ಹೆಣೆಯುತ್ತಾರೆ, ಅಷ್ಟೇ. ಅದೇ ಖಾಲಿ ವೇಳೆಯ ಮಾತು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಊರಿಗೆ ಹೆಸರು ಬಂತು; ಹೆಣೆದವಳಿಗೂ ಬರಲಿ.

ಆ ಮಾತನ್ನು ಒಪ್ಪದವರು ನಮ್ಮಲ್ಲೂ ಇದ್ದರು. ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ಧಾರವಾಡದಲ್ಲಿ ವನಿತಾ ಸೇವಾ ಸಮಾಜ ಕಟ್ಟಿ ನಿರಾಧಾರ ಹೆಣ್ಣುಮಕ್ಕಳಿಗೆ ಓದು, ಕೈಗೆಲಸ ಎರಡನ್ನೂ ಕಲಿಸಿದರು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ಹೆಣ್ಣುಮಕ್ಕಳ ಶಾಲೆ ನಡೆಸುತ್ತಲೇ ಅವರನ್ನು ಬೀದಿಗೆ, ಚಳವಳಿಗೆ ಕರೆತಂದರು. ಕೈಗೆಲಸ ಅವರಿಗೆ ವೇಳೆ ಕಳೆಯುವ ಸಾಧನವಾಗಿರಲಿಲ್ಲ, ಕಾಲ ಮೇಲೆ ನಿಲ್ಲುವ ಸಾಧನವಾಗಿತ್ತು.

ಇನ್ನೊಂದು ಸಂಗತಿ. ಸ್ವೆಟರಿನ ಹೆಣಿಗೆಗೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಕೈಯ ಕ್ರೋಶಾವನ್ನು ಇದ್ದ ಹಾಗೆ ಹೆಣೆದು ಕೊಡುವ ಯಂತ್ರ ಮಾತ್ರ ಇಂದಿಗೂ ಕಾರಖಾನೆಗಳಿಗೆ ಬಂದಿಲ್ಲ. ಅಂಗಡಿಯಲ್ಲಿ ಎಷ್ಟೇ ಅಗ್ಗದ ಕ್ರೋಶಾ ಗೊಂಬೆ ಕಂಡರೂ ಅದರ ಹಿಂದೆ ಎಲ್ಲಿಯೋ ಎರಡು ಕೈ ಇವೆ. ಗೊಂಬೆ ಅಗ್ಗವಾದರೆ ಅಗ್ಗವಾದದ್ದು ಆ ಕೈಗಳೇ. ನೀವು ಹೆಣೆದು ಮಾರುವವರಾದರೆ ತಾಸು ಬರೆದಿಡಿ, ಆ ಲೆಕ್ಕದ ಮೇಲೆ ಬೆಲೆ ಹೇಳಿ. ಕೊಳ್ಳುವವರಾದರೆ ಚೌಕಾಶಿಗೆ ಮೊದಲು ಒಮ್ಮೆ ನಮ್ಮ ಅವ್ವನ ಕಂದೀಲನ್ನು ನೆನೆಯಿರಿ.

ಮೊಮ್ಮಗಳು ಹೊರಡುವ ದಿನ ನನ್ನ ಆನೆಯ ಕಾಲಡಿ ಅವ್ವನ ಹೆಸರನ್ನು ಕೆಂಪು ದಾರದಲ್ಲಿ ಬರೆಯಲು ಕುಳಿತೆ. ಅಂಗೈಯಗಲದ ಆನೆಯ ಪಾದದಲ್ಲಿ ಎಷ್ಟು ಜಾಗ ಇದ್ದೀತು! ಒಂದೇ ಅಕ್ಷರ ಹಿಡಿಯಿತು. ಅವಳದು ಸೊಟ್ಟ ಕಿವಿಯ ಆನೆ, ಅದು ಪುಣೆಗೆ ಹೋಯಿತು. ನನ್ನದು ಕಿಟಕಿಯ ಕಟ್ಟೆಯ ಮೇಲಿದೆ. ಇರುವೆಗಳು ಒಂದೆರಡು ಸಲ ಬಂದು ನೋಡಿಕೊಂಡು ಹೋದವು.